ಬದುಕಿದ್ದವನ ಹತ್ತನೆಯ ದಿನ

ಸವಣೂರು
೧೨ ಜನವರಿ ೨೦೨೬, ಸೋಮವಾರ

ತಿಳವಳ್ಳಿಯ ಪ್ರಹ್ಲಾದಾಚಾರ್ಯರಿಗೆ, ಅಂದರೆ ನನ್ನ ಗಂಡನ ಅಣ್ಣನವರಿಗೆ, ಸವಣೂರಿನಿಂದ ಭಾಗೀರಥಿಬಾಯಿ ಬರೆಯುವ ಪತ್ರ.

ಭಾವನವರೇ,

ಮೊದಲ ಸಾಲಿನಲ್ಲಿ ಸಾಷ್ಟಾಂಗ ನಮಸ್ಕಾರ ಇರಬೇಕಿತ್ತು. ಎರಡು ಹಾಳೆ ಹರಿದು ಹಾಕಿದೆ, ಎರಡರಲ್ಲೂ ಆ ಶಬ್ದ ಬರೆಯಲು ಕೈ ಏಳಲಿಲ್ಲ. ಇಲ್ಲದ ನಮಸ್ಕಾರವನ್ನು ಇದೆ ಎಂದು ಬರೆದು ಈ ವಯಸ್ಸಿನಲ್ಲಿ ಸುಳ್ಳಿನ ಪಾಪ ಯಾಕೆ ಕಟ್ಟಿಕೊಳ್ಳಲಿ ಎಂದು ಬಿಟ್ಟುಬಿಟ್ಟೆ. ನೀವು ಕ್ಷೇಮವೆಂದು ನಿಮ್ಮ ಮೊಮ್ಮಗಳು ಸಂಪದಾ ಹೇಳಿದಳು. ಎರಡು ಹೊತ್ತು ಚೆನ್ನಾಗಿ ಉಣ್ಣುತ್ತೀರಂತೆ, ಕೋಲು ಹಿಡಿಯದೆ ದೇವರ ಮನೆಗೆ ಹೋಗುತ್ತೀರಂತೆ, ನಿಮ್ಮ ಬೈಗುಳ ಇನ್ನೂ ಬೀದಿಯ ತನಕ ಕೇಳಿಸುತ್ತದಂತೆ. ಸಂತೋಷ. ಈ ಪತ್ರ ಓದುವಾಗ ನೀವು ಗಟ್ಟಿಮುಟ್ಟಾಗಿ ಇರಬೇಕೆಂಬುದೇ ನನ್ನ ಆಸೆ.

ನಿಮ್ಮ ಮಗಳ ಮಗಳು ಒಳ್ಳೆಯ ಹುಡುಗಿ. ಹಾನಗಲ್ಲ ಕೋರ್ಟಿನಲ್ಲಿ ವಕೀಲಿ ಮಾಡುವವಳು, ರಜೆ ಹಾಕಿ, ಬಸ್ಸು ಬದಲಿಸಿ ನಮ್ಮ ಮನೆಗೆ ಬಂದು, ಇಬ್ಬರ ಕಾಲಿಗೂ ಬಿದ್ದು, ಆಮಂತ್ರಣ ಪತ್ರಿಕೆಯನ್ನೂ ನಿಮ್ಮ ಪತ್ರವನ್ನೂ ನಿಮ್ಮ ತಮ್ಮನ ಕೈಗೆ ಕೊಟ್ಟಳು. ನಾನು ಮಾಡಿದ ಅವಲಕ್ಕಿ ತಿಂದು ಚಂದ ಆಗಿದೆ ಎಂದಳು. ಅವಳಿಗೆ ಏನೂ ಗೊತ್ತಿಲ್ಲ ಎಂಬುದು ಅವಳ ಮುಖ ನೋಡಿದ ಕೂಡಲೇ ತಿಳಿಯಿತು. ಅಜ್ಜಿ, ನಮ್ಮ ಮನೆತನದೊಳಗ ಇಂಥಾ ಹೀರೋ ಇನ್ನೂ ಇದ್ದಾರ ಅಂತ ನನಗ ಯಾರೂ ಹೇಳಿದ್ದಿಲ್ಲ ಎಂದು ಕಣ್ಣರಳಿಸಿ ಕೇಳಿದಳು. ನಿಮ್ಮ ಅಜ್ಜನ್ನ ಕೇಳವ್ವಾ ಎಂದೆ.

ನಿಮ್ಮ ಪತ್ರದ ವಿಷಯ ನನಗೆ ಬಾಯಿಪಾಠ ಆಗಿದೆ. ಬರುವ ಮಾಘದಲ್ಲಿ ನಿಮ್ಮ ಸಹಸ್ರ ಚಂದ್ರ ದರ್ಶನದ ಶಾಂತಿ. ಸಾವಿರ ಹುಣ್ಣಿಮೆ ಕಂಡ ಹಿರಿಯರು ನೀವು, ಊರೇ ಬಂದು ನಮಸ್ಕಾರ ಮಾಡುತ್ತದೆ. ಮಂಟಪದಲ್ಲಿ ನಿಮ್ಮ ಬಲಗಡೆ ನಿಮ್ಮ ತಮ್ಮ ಎದೆಯ ಮೇಲೆ ಪದಕ ಹಾಕಿಕೊಂಡು ಕೂರಬೇಕು. ಯುದ್ಧದ ವೀರನೆಂದು ಅವರಿಗೂ ಶಾಲು ಹೊದಿಸುತ್ತೀರಿ. ಇದಿಷ್ಟು ಊರಿಗೆ ತೋರಿಸುವ ಮಾತು. ಒಳಗಿನ ಮಾತು ಪತ್ರದ ಎರಡನೆಯ ಪುಟದಲ್ಲಿತ್ತು. ನಿಮಗೆ ಗಂಡುಮಕ್ಕಳಿಲ್ಲ. ಮಗಳ ಹೊಟ್ಟೆಯಲ್ಲೂ ಗಂಡಿಲ್ಲ. ನಾಳೆ ನಿಮ್ಮ ಬಾಯಿಗೆ ತುಳಸಿ ನೀರು ಬಿಡಲು, ಕೊಳ್ಳಿ ಇಡಲು, ವರ್ಷಕ್ಕೊಮ್ಮೆ ಹೆಸರು ಹೇಳಿ ಪಿಂಡ ಇಡಲು ತಮ್ಮನೇ ಆಗಬೇಕು. ಆದರೆ ನಿಮ್ಮದೇ ಶಾಸ್ತ್ರದ ಲೆಕ್ಕದಲ್ಲಿ ತಮ್ಮ ಐವತ್ನಾಲ್ಕು ವರ್ಷದ ಹಿಂದೆ ಸತ್ತಿದ್ದಾನೆ. ಸತ್ತವನು ಪಿಂಡ ಇಡುವುದು ಹೇಗೆ? ಅದಕ್ಕೇ ಶಾಂತಿಯ ಹಿಂದಿನ ದಿನ, ಮನೆಯೊಳಗೆ, ಸದ್ದಿಲ್ಲದೆ, ನಾಲ್ಕು ಮಂದಿ ವೈದಿಕರನ್ನು ಕರೆಸಿ ಅವನನ್ನು ಮತ್ತೆ ಹುಟ್ಟಿಸುವುದು ಎಂದು ತೀರ್ಮಾನಿಸಿದ್ದೀರಿ.

‘ಚಿರಂಜೀವಿ ವಿಜಯೀಂದ್ರನಿಗೆ ಆಶೀರ್ವಾದಗಳು’ ಎಂದು ಶುರು ಮಾಡಿದ್ದೀರಿ. ಆ ಸಾಲು ಓದಿ ನಾನು ನಕ್ಕಿದ್ದೇ ನಕ್ಕಿದ್ದು.

ನಿಮ್ಮ ತಮ್ಮ ಬರುವುದಿಲ್ಲ. ಪತ್ರ ಓದಿದರು, ಮಡಚಿ ನನ್ನ ಕೈಗೆ ಕೊಟ್ಟರು. ನಾ ಬರೂದಿಲ್ಲ ಅಂತ ನೀನ ಬರದ ಹಾಕು, ಸತ್ತಾಂವ ಎಲ್ಲಿಂದ ಬರ್ತಾನ ಎಂದರು. ಆಮೇಲೆ ಆ ಮಾತೇ ಎತ್ತಲಿಲ್ಲ. ಆದ್ದರಿಂದ ಬಲಗಡೆಯ ಕುರ್ಚಿಗೆ ಬೇರೆ ಯಾರನ್ನಾದರೂ ನೋಡಿಕೊಳ್ಳಿ.

ಇಷ್ಟೇ ಬರೆದು ಮುಗಿಸಬಹುದಿತ್ತು. ಆದರೆ ನಿಮ್ಮ ಪತ್ರದಲ್ಲಿ ಒಂದು ಮಾತಿದೆ, ಅದು ನನ್ನನ್ನು ಸುಮ್ಮನೆ ಇರಗೊಡುತ್ತಿಲ್ಲ. ‘ಆಗ ತಿಳಿಯದೆ ಆದ ಪ್ರಮಾದ’ ಎಂದು ಬರೆದಿದ್ದೀರಿ. ತಿಳಿಯದೆ! ಆ ಶಬ್ದ ಬರೆಯುವಾಗ ನಿಮ್ಮ ಪೆನ್ನು ಒಂದು ಕ್ಷಣವಾದರೂ ನಿಂತಿತ್ತೇ? ಅಕ್ಷರ ಮಾತ್ರ ದುಂಡಗೆ, ನೀಟಾಗಿ ಇದೆ.

ಮೊದಲು ನಿಮ್ಮ ಆಮಂತ್ರಣ ಪತ್ರಿಕೆಯ ತಪ್ಪು ತಿದ್ದುತ್ತೇನೆ. ಅದರಲ್ಲಿ ‘ಯುದ್ಧವಿಮಾನ ಹಾರಿಸಿ ಶತ್ರುಗಳನ್ನು ಸಂಹರಿಸಿದ’ ಎಂದು ಅಚ್ಚಾಗಿದೆ. ನಿಮ್ಮ ತಮ್ಮ ವಿಮಾನ ಹಾರಿಸಿದವರಲ್ಲ. ಅವರು ನೌಕಾಪಡೆಯ ಏರ್‌ಮನ್. ವಿಮಾನ ಹೊತ್ತ ಹಡಗಿನ ಮೇಲೆ ಕಬ್ಬಿಣದ ಬಯಲು ಇರುತ್ತದೆ, ಅಲ್ಲಿ ವಿಮಾನ ತಳ್ಳುವುದು, ತಿರುಗಿಸಿ ನಿಲ್ಲಿಸುವುದು, ಇಳಿದ ಕೂಡಲೇ ಓಡಿ ಹೋಗಿ ಗಾಲಿಗೆ ಅಡ್ಡ ಕೊಡುವುದು, ಬೆಂಕಿ ಹತ್ತಿದರೆ ಆರಿಸುವುದು ಅವರ ಕೆಲಸ. ಎಪ್ಪತ್ತೊಂದರ ಯುದ್ಧದಲ್ಲಿ ಒಂದು ದಿನ ಒಂದು ವಿಮಾನ ಹೊಟ್ಟೆಯಲ್ಲಿ ಗುಂಡು ತಾಗಿಸಿಕೊಂಡೇ ಇಳಿಯಿತು. ಇಳಿದದ್ದೇ ಹೊತ್ತಿಕೊಂಡಿತು. ಹಾರಿಸುತ್ತಿದ್ದ ಹುಡುಗ ಒಳಗೆ ಸಿಕ್ಕಿಕೊಂಡಿದ್ದ, ಕೆಳಗೆ ಸಿಡಿಯದ ಬಾಂಬು ಇತ್ತು. ಎಲ್ಲರೂ ಹಿಂದೆ ಸರಿದಾಗ ಇವರು ರೆಕ್ಕೆಯ ಮೇಲೆ ಹತ್ತಿ ಅವನನ್ನು ಬಿಗಿದಿದ್ದ ಸೀಟಿನ ಪಟ್ಟಿ ಕೊಯ್ದು ಎಳೆದು ಕೆಳಗೆ ಹಾಕಿದರು. ಆ ಹುಡುಗ ಬದುಕಿದ. ಆಮೇಲೆ ಸಿಡಿದದ್ದು ಇವರನ್ನು ಎತ್ತಿ ಸಮುದ್ರಕ್ಕೆ ಒಗೆಯಿತು. ಎಡಗಡೆಯ ಮೈ ಪೂರ್ತಿ ಸುಟ್ಟಿತ್ತು. ಬೇರೊಂದು ಸಣ್ಣ ಹಡಗಿನವರು ನೀರಿನಲ್ಲಿ ತೇಲುತ್ತಿದ್ದವರನ್ನು ಎತ್ತಿಕೊಂಡರು. ಹೆಸರು ಹೇಳಲು ಬಾಯಿಯಿಲ್ಲ, ಮೈಮೇಲೆ ಗುರುತಿನ ಬಟ್ಟೆಯಿಲ್ಲ. ದವಾಖಾನೆಯ ಮಂಚದ ಮೇಲೆ ಎಷ್ಟೋ ದಿನ ಹೆಸರಿಲ್ಲದವರಾಗಿ ಮಲಗಿದ್ದರು. ಪದಕ ಬಂದದ್ದು ಇದಕ್ಕೆ, ಸಂಹಾರಕ್ಕಲ್ಲ.

ಇತ್ತ ತಿಳವಳ್ಳಿಗೆ ತಂತಿ ಬಂತು. ಸಮುದ್ರದಲ್ಲಿ ಕಾಣೆಯಾಗಿದ್ದಾರೆ, ಹುಡುಕುತ್ತಿದ್ದೇವೆ ಎಂದಿತ್ತು. ಸತ್ತಿದ್ದಾರೆ ಎಂದು ಇರಲಿಲ್ಲ. ನನಗಾಗ ಹತ್ತೊಂಬತ್ತು. ಮದುವೆಯಾಗಿ ವರ್ಷ ಕಳೆದಿತ್ತು, ಗಂಡನ ಜೊತೆ ಇದ್ದದ್ದು ಅವರ ರಜೆಯಷ್ಟೇ. ಅತ್ತೆಯವರು ದೇವರ ಮುಂದೆ ದೀಪ ಆರದಂತೆ ನೋಡಿಕೊಂಡರು. ಕಾಣೆಯಾದವನಿಗೆ ಹನ್ನೆರಡು ವರ್ಷ ಕಾಯಬೇಕೆಂದು ಶಾಸ್ತ್ರದಲ್ಲಿದೆ, ಅದನ್ನು ಊರಿಗೆಲ್ಲ ಪಾಠ ಹೇಳುವವರು ನೀವೇ. ಹಾಗಿದ್ದೂ ಸಂಕ್ರಾಂತಿಗೆ ಮೊದಲೇ ಅಂಗಳದಲ್ಲಿ ದರ್ಭೆಯ ಗೊಂಬೆ ಕಟ್ಟಿ, ಅದಕ್ಕೆ ತಮ್ಮನ ಹೆಸರಿಟ್ಟು, ಸುಟ್ಟಿರಿ. ಸಮುದ್ರ ನುಂಗಿದವನು ಮರಳಿ ಬರುವುದಿಲ್ಲ ಎಂದಿರಿ.

ಯಾಕಿಷ್ಟು ಅವಸರ? ಆ ವರ್ಷ ಮಾಘದ ಮಧ್ವನವಮಿಗೆ ಮಠದ ಸ್ವಾಮಿಗಳು ನಮ್ಮ ಮನೆಗೆ ಬರುವುದು, ಮಠದ ದೇವರ ಸಂಸ್ಥಾನ ಪೂಜೆ ನಮ್ಮ ಮನೆಯಲ್ಲೇ ಆಗುವುದು ಎಂದು ಗೊತ್ತಾಗಿತ್ತು. ಸುತ್ತಿನ ಹಳ್ಳಿಗಳ ಪೈಕಿ ಯಾವ ಮನೆಗೂ ಸಿಗದ ಭಾಗ್ಯ ಅದು. ತಮ್ಮ ಇದ್ದಾನೋ ಇಲ್ಲವೋ ಎಂಬ ಅನುಮಾನ ತೂಗುತ್ತಿರುವ ಮನೆಗೆ ಸ್ವಾಮಿಗಳು ಬರುವುದು ಹೇಗೆ? ನಡುವೆ ಸಾವಿನ ಸುದ್ದಿ ಬಂದರೆ ಸೂತಕ, ಪೂಜೆ ತಪ್ಪುತ್ತದೆ. ಆದ್ದರಿಂದ ಸಾವನ್ನೇ ಮುಂಚಿತವಾಗಿ ಮುಗಿಸಿ, ಸೂತಕ ಕಳೆದು, ಮನೆ ಸಾರಿಸಿ ತಯಾರಾಗಬೇಕಿತ್ತು. ಬೇರೆಯವರ ಮನೆಯಲ್ಲಿ ಹಬ್ಬಕ್ಕೆ ಸುಣ್ಣ ಹಚ್ಚುತ್ತಾರೆ. ನೀವು ತಮ್ಮನನ್ನು ಸುಟ್ಟಿರಿ.

ಗೊಂಬೆ ಸುಟ್ಟಿದ್ದು ಅಲ್ಲಿಗೇ ಮುಗಿದಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ತಲೆಯಲ್ಲಿ ಕೂದಲಿರುವ ವಿಧವೆ ಮನೆಯಲ್ಲಿದ್ದರೆ ಸ್ವಾಮಿಗಳ ಪೂಜೆಗೆ ಮಡಿ ಆಗುವುದಿಲ್ಲ ಎಂಬುದು ನಿಮ್ಮ ಇನ್ನೊಂದು ಚಿಂತೆ. ಆ ಹೊತ್ತಿಗೆ ನಮ್ಮವರ ಎಷ್ಟೋ ಮನೆಗಳಲ್ಲಿ ಆ ಪದ್ಧತಿ ನಿಂತಿತ್ತು. ಹಿರೇಕೆರೂರಿನ ನನ್ನ ಚಿಕ್ಕಮ್ಮ ಗಂಡ ಹೋದ ಮೇಲೂ ಜಡೆ ಹಾಕಿಕೊಂಡೇ ಸಾಲಿಯಲ್ಲಿ ಪಾಠ ಹೇಳುತ್ತಿದ್ದಳು. ನಿಮ್ಮ ಮನೆಯಲ್ಲಿ ನಿಂತಿರಲಿಲ್ಲ. ಗೊಂಬೆ ಸುಟ್ಟು ಹತ್ತನೆಯ ದಿನ ಬೆಳಗ್ಗೆ ಹಿತ್ತಲಿನ ಬಾವಿಕಟ್ಟೆಯ ಹತ್ತಿರ ನನ್ನನ್ನು ಕೂರಿಸಿದರು. ಬಳೆ ಒಡೆದಾಗ ಕೈಯಿಂದ ರಕ್ತ ಬಂತು. ಕ್ಷೌರದವನು ಮುದುಕ, ಅವನೇ ಅಳುತ್ತಿದ್ದ. ನನ್ನ ಕೂದಲು ಆಗ ಮೊಣಕಾಲು ಮುಟ್ಟುತ್ತಿತ್ತು. ಮದುವೆಯಲ್ಲಿ ನಿಮ್ಮ ತಮ್ಮ ಅದನ್ನು ನೋಡಿ, ಇದನ್ನ ಹೊತಗೊಂಡು ಹ್ಯಾಂಗ ಅಡ್ಡಾಡತೀ ಎಂದು ಕೇಳಿದ್ದರು. ಅದು ಅವರು ನನಗೆ ಆಡಿದ ಮೊದಲನೆಯ ಮಾತು. ಕೂದಲು ಕೆಸರಿನಲ್ಲಿ ಬಿದ್ದಿತ್ತು. ಯಾರೋ ಗುಡಿಸಿಕೊಂಡು ಹೋದರು.

ಮಧ್ವನವಮಿ ವೈಭವದಿಂದ ಆಯಿತು. ಸ್ವಾಮಿಗಳು ನಿಮಗೆ ಶಾಲು ಹೊದಿಸಿದರು. ನಾನು ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಕೆಂಪು ಸೀರೆ ತಲೆಗೆ ಸುತ್ತಿಕೊಂಡು ಕೂತಿದ್ದೆ. ಭಜನೆ ಅಲ್ಲಿಗೆ ಕೇಳುತ್ತಿತ್ತು.

ಮಾಘ ಕಳೆದ ಮೇಲೆ ಸರ್ಕಾರದ ಕಾಗದ ಬಂತು, ಸಿಕ್ಕಿದ್ದಾರೆ, ಬದುಕಿದ್ದಾರೆ ಎಂದು. ಯುಗಾದಿಗೆ ಮೊದಲು ನಿಮ್ಮ ತಮ್ಮನೇ ಬಂದರು. ಅವರ ಮುಖದ ಎಡಗಡೆ ನನಗೆ ಗುರುತು ಸಿಗಲಿಲ್ಲ, ನನ್ನ ತಲೆ ಅವರಿಗೆ ಗುರುತು ಸಿಗಲಿಲ್ಲ. ಬಾಗಿಲಲ್ಲಿ ನಿಂತವರನ್ನು ನೀವು ಒಳಗೆ ಕರೆಯಲಿಲ್ಲ. ಕರ್ಮ ಮುಗಿದವನು ಮರಳಿ ಬಂದರೆ ತುಪ್ಪದ ಕೊಪ್ಪರಿಗೆಯಲ್ಲಿ ಕೂರಿಸಿ, ಕೂಸಿನ ಹಾಗೆ ಎತ್ತಿ, ಮೀಯಿಸಿ, ಜಾತಕರ್ಮ, ನಾಮಕರಣ, ಮುಂಜಿ ಎಲ್ಲ ಮತ್ತೆ ಮಾಡಿ, ಅದೇ ಹೆಂಡತಿಯ ಜೊತೆ ಮತ್ತೆ ಲಗ್ನ ಮಾಡಬೇಕು, ಅಲ್ಲಿಯ ತನಕ ಅವನು ಪ್ರೇತ ಎಂದಿರಿ. ಅವರು ನಕ್ಕುಬಿಟ್ಟರು. ಹಾಗಾದ್ರ ಮಾಡ್ರಲ್ಲ, ನಾ ತಯಾರಿದ್ದೇನಿ, ಇವಳನ್ನ ಇನ್ನೊಮ್ಮೆ ಲಗ್ನ ಆಗಲಿಕ್ಕೆ ನನಗೇನು ತ್ರಾಸಿಲ್ಲ ಎಂದರು. ನೀವು ಮಾಡಲಿಲ್ಲ. ಮಾಡಿದರೆ ಮೊದಲು ಮಾಡಿದ್ದು ತಪ್ಪೆಂದು ಊರಿಗೆ ಒಪ್ಪಿಕೊಂಡ ಹಾಗೆ, ಸ್ವಾಮಿಗಳಿಗೆ ಸುದ್ದಿ ಹೋಗುತ್ತದೆ. ಮುಂದೆ ನೋಡೋಣ ಎಂದಿರಿ. ಆ ಮುಂದೆ ಈಗ ಬಂತು, ನಿಮಗೇ ಅಗತ್ಯ ಬಿದ್ದಾಗ.

ಅವರನ್ನು ಪಡಸಾಲೆಯಲ್ಲಿ ಬೇರೆ ಎಲೆ ಹಾಕಿ ಕೂರಿಸಿದಿರಿ. ಅದೇ ವರ್ಷ ಅತ್ತೆಯವರು ತೀರಿಕೊಂಡಾಗ ಸತ್ತವನು ಹೆಣ ಮುಟ್ಟಬಾರದೆಂದು ಬೇಲಿಯ ಹೊರಗೆ ನಿಲ್ಲಿಸಿದಿರಿ. ಹೆತ್ತ ಮಗ ಬೇಲಿಯ ಹೊರಗೆ ನಿಂತು ತಾಯಿಯ ಹೊಗೆ ನೋಡಿದ.

ಪದಕ ಕೊಡುವ ದಿನ ನಾನೂ ಹೋಗಿದ್ದೆ. ಬಿಳಿ ಬಟ್ಟೆ ತೊಟ್ಟ ಸಾಲುಸಾಲು ಮಂದಿ, ಬ್ಯಾಂಡು, ಸಮುದ್ರದ ಗಾಳಿ. ನಿಮ್ಮ ತಮ್ಮನ ಎದೆಗೆ ಪದಕ ಚುಚ್ಚಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಗಾಳಿಗೆ ನನ್ನ ಸೆರಗು ಜಾರಿತು. ನನ್ನ ತಲೆಯ ಮೇಲೆ ಆಗ ಬೆರಳಿನಷ್ಟು ಕೂದಲು. ಪಕ್ಕದಲ್ಲಿದ್ದ ಒಬ್ಬ ಅಧಿಕಾರಿಯ ಹೆಂಡತಿ ಅಯ್ಯೋ ಪಾಪ, ಟೈಫಾಯ್ಡ್ ಆಗಿತ್ತಾ ಎಂದು ಕೇಳಿದಳು. ಹೌದು ಎಂದೆ. ಗಂಡನಿಗೆ ದೇಶ ಮರ್ಯಾದೆ ಮಾಡುತ್ತಿರುವಾಗ ಅವನ ಮನೆಯವರು ಅವನ ಹೆಂಡತಿಗೆ ಏನು ಮಾಡಿದರೆಂದು ಯಾವ ಬಾಯಿಯಿಂದ ಹೇಳಲಿ?

ಆಮೇಲೆ ನಾನು ಕೂದಲು ಬೆಳೆಸಿದೆ, ಭಾವನವರೇ. ಹಟದಿಂದ ಬೆಳೆಸಿದೆ. ಹಾನಗಲ್ಲಿನಲ್ಲಿ ನೆಂಟರೊಬ್ಬರ ಮದುವೆಯಲ್ಲಿ ಮಲ್ಲಿಗೆ ಮುಡಿದು ನಿಮ್ಮ ಎದುರಿನಿಂದ ಬೇಕೆಂದೇ ಹಾದುಹೋದೆ, ಮತ್ತೆ ತಿರುಗಿ ಬಂದೆ. ನೀವು ತಲೆ ತಗ್ಗಿಸಿ ಎಲೆಯಲ್ಲಿದ್ದ ಬುಂದಿಯನ್ನು ನೋಡುತ್ತಿದ್ದಿರಿ. ಆ ದಿನ ನನಗೆ ಒಳ್ಳೆಯ ನಿದ್ದೆ ಬಂತು. ಈಗ ಜಡೆ ಬಿಳಿಯಾಗಿದೆ, ತೆಳ್ಳಗಾಗಿದೆ, ಆದರೂ ಕತ್ತರಿ ಮುಟ್ಟಿಸಿಲ್ಲ.

ಇಷ್ಟೆಲ್ಲ ನಿಮಗೂ ಗೊತ್ತು, ನಿಮ್ಮ ತಮ್ಮನಿಗೂ ಗೊತ್ತು. ನಾನು ಸಿಟ್ಟಿಗೆದ್ದಾಗಲೆಲ್ಲ ಅವರದು ಒಂದೇ ಮಾತು: ಅಣ್ಣಗ ಗೊತ್ತಿರಲಿಲ್ಲ ಭಾಗೀ. ತಂತಿ ನೋಡಿ ಗಾಬರಿಯಾದ, ಶಾಸ್ತ್ರ ಬಿಟ್ಟು ಅವನಿಗೆ ಬೇರೆ ದಾರಿ ಗೊತ್ತಿಲ್ಲ, ತಿಳೀದ ಮಾಡಿದ. ಅಪ್ಪ ಹೋದ ಮೇಲೆ ನಿಮ್ಮ ಹೆಗಲ ಮೇಲೆ ಕೂತು ಬೆಳೆದವರು ಅವರು. ಈಜು ಕಲಿಸಿದ್ದೂ ನೀವೇ ಅಂತೆ. ಅಣ್ಣನ ಈಜಿನಿಂದಲೇ ಸಮುದ್ರದಲ್ಲಿ ಉಳಿದೆ ಎಂದು ಇವತ್ತಿಗೂ ಹೇಳುತ್ತಾರೆ.

ಈಗ ಅವರಿಗೆ ಗೊತ್ತಿಲ್ಲದ್ದನ್ನು ಬರೆಯುತ್ತೇನೆ. ನಿಮಗೆ ಗೊತ್ತು, ನನಗೆ ಗೊತ್ತು. ಮೂರನೆಯವನು ಚಿಕ್ಕೇರೂರಿನ ಶಿದ್ಲಿಂಗಪ್ಪ, ಅವನು ತೀರಿಕೊಂಡು ಎಷ್ಟೋ ವರ್ಷವಾಯಿತು.

ಒಂಬತ್ತನೆಯ ದಿನ ಮಧ್ಯಾಹ್ನ ಅಂಗಳದಲ್ಲಿ ಒಬ್ಬ ಮನುಷ್ಯ ಬಂದು ನಿಂತ. ಊರುಗೋಲು, ಮಿಲಿಟರಿ ಬೂಟು, ಹೆಗಲಿಗೆ ಚೀಲ. ನಾನು ಒಳಕೋಣೆಯಲ್ಲಿದ್ದೆ, ಕಿಟಕಿಯ ಕೆಳಗೇ ನೀವು ನಿಂತಿದ್ದಿರಿ. ಅವನ ಮಾತು ಒಂದಕ್ಷರ ಬಿಡದೆ ನನ್ನ ಕಿವಿಯಲ್ಲಿದೆ. “ಆಚಾರ್ರ, ನಿಮ್ಮ ತಮ್ಮ ಅದಾನ್ರಿ. ದವಾಖಾನ್ಯಾಗ ನನ್ನ ಬಾಜೂ ಕಾಟಿನ ಮ್ಯಾಲ ಅದಾನ. ಮೈ ಸುಟ್ಟೈತಿ, ಮಾತ ನೆಟ್ಟಗ ಬರವಲ್ದು, ಆದ್ರ ಜೀವಕ್ಕ ಧಕ್ಕಿ ಇಲ್ಲಂತ ಡಾಕ್ಟರ್ ಹೇಳ್ಯಾರ. ತಿಳವಳ್ಳಿ, ಅಣ್ಣ, ಭಾಗೀ ಅಂತ ಬಡಬಡಸಾಕತ್ತಿದ್ದ. ನಾ ಚಿಕ್ಕೇರೂರಾಂವ, ಶಿದ್ಲಿಂಗಪ್ಪ. ಊರಿಗೆ ಹೊಂಟಿದ್ದೆ, ಪಾಪ ಮನ್ಯಾಗ ಕಾಯಾಕತ್ತಿರ್ತಾರ, ಹೇಳಿ ಹೋಗೂಣು ಅಂತ ಬಂದೆ.”

ಕಾಲು ಮುರಿದ ಸಿಪಾಯಿ, ಇನ್ನೂ ತನ್ನ ತಾಯಿಯ ಮುಖ ನೋಡಿಲ್ಲ, ಮೊದಲು ನಮ್ಮ ಮನೆಗೆ ಬಂದಿದ್ದ. ನೀವು ಏನೆಂದಿರಿ? “ಭಾಳ ಉಪಕಾರ ಆತಪಾ. ಮನ್ಯಾಗ ಮೈಲಿಗಿ ಅದ, ಒಳಗ ಕರೀಲಿಕ್ಕೆ ಬರೂದಿಲ್ಲ. ಇದನ್ನ ಊರಾಗ ಯಾರ ಮುಂದೂ ಆಡಬ್ಯಾಡ, ಎಲ್ಲಾರಿಗೂ ನಾನ ಹೇಳ್ತೇನಿ” ಎಂದಿರಿ. ಅವನು ಖುಷಿಯಿಂದ ಹೋದ. ತಾನು ಒಂದು ಮನೆಯ ದೀಪ ಉಳಿಸಿದೆ ಎಂದು ತಿಳಿದೇ ಸತ್ತನೋ ಏನೋ.

ನಾನು ಓಡಿ ಹೋಗಿ ಅತ್ತೆಯವರಿಗೆ ಹೇಳಿದೆ. ಅವರು ಬಂದು ನಿಮ್ಮನ್ನು ಕೇಳಿದರು. ಯಾರೋ ಭಿಕ್ಷಾದಾಂವ ಬಂದಿದ್ದ ಎಂದಿರಿ. ಹೆತ್ತ ತಾಯಿಯ ಮುಖ ನೋಡುತ್ತ ಹಾಗೆಂದಿರಿ. ಮಗ ಇದ್ದಾನೆಂದು ಸರ್ಕಾರ ಹೇಳುವ ತನಕ ಅವರು ಗೋಡೆಗೆ ಮುಖ ಮಾಡಿ ಮಲಗಿದರು. ಒಮ್ಮೆ ಹಾಸಿಗೆ ಹಿಡಿದವರು ಮತ್ತೆ ಸರಿಯಾಗಿ ಏಳಲಿಲ್ಲ. ಅವರು ಆ ವರ್ಷವೇ ಯಾಕೆ ಹೋದರೆಂದು ನಿಮ್ಮನ್ನು ನೀವು ಯಾವತ್ತಾದರೂ ಕೇಳಿಕೊಂಡಿದ್ದೀರಾ?

ಬಾವಿಕಟ್ಟೆಯ ಹತ್ತಿರ ನಾನು ಆಡಿದ ಮಾತನ್ನು ಮೇಲೆ ಬರೆಯಲಿಲ್ಲ. ಹಿತ್ತಲ ಬಾಗಿಲಿನಲ್ಲಿ ನೀವು ನಿಂತಿದ್ದಿರಿ. ನಾನು ನಿಮ್ಮ ಕಾಲು ಹಿಡಿದುಕೊಂಡೆ. “ಭಾವಾ, ಅವರು ಇದ್ದಾರ. ನಿನ್ನೆ ಬಂದಾಂವ ಹೇಳಿದ್ದು ನಾ ಕೇಳೇನಿ. ನೀವೂ ಕೇಳೀರಿ. ತೆಗಸಬ್ಯಾಡ್ರಿ” ಎಂದೆ. ನೀವು ಕಾಲು ಬಿಡಿಸಿಕೊಂಡಿರಿ. ನನ್ನ ಕಡೆಗೆ ತಿರುಗಲೂ ಇಲ್ಲ. ಕ್ಷೌರದವನಿಗೆ, “ಹುಡುಗಿಗೆ ತಲಿ ಕೆಟ್ಟದ. ನೀ ಜಲ್ದಿ ಮುಗಸು” ಎಂದಿರಿ.

ಇದು ತಿಳಿಯದೆ ಆದ ಪ್ರಮಾದವೇ, ಪ್ರಹ್ಲಾದಾಚಾರ್ಯರೇ?

ನಿಮ್ಮ ತಮ್ಮನಿಗೆ ನಾನು ಇದನ್ನು ಹೇಳಲಿಲ್ಲ. ಅಂಜಿ ಅಲ್ಲ. ಹೇಳಿದ್ದರೆ ಅವರು ಎರಡು ದಿನ ಊಟ ಬಿಟ್ಟು, ಮೂರನೆಯ ದಿನ ನಿಮ್ಮನ್ನು ಕ್ಷಮಿಸಿಬಿಡುತ್ತಿದ್ದರು. ಅವರ ಸ್ವಭಾವ ನನಗೆ ಗೊತ್ತು. ಅವರು ಕ್ಷಮಿಸಿದ ಮೇಲೆ ನನ್ನ ಸಿಟ್ಟಿಗೆ ಈ ಮನೆಯಲ್ಲಿ ಜಾಗ ಇರುತ್ತಿರಲಿಲ್ಲ. ಆದ್ದರಿಂದ ಅದನ್ನು ನನ್ನ ಹತ್ತಿರವೇ ಇಟ್ಟುಕೊಂಡು, ಜೋಪಾನ ಮಾಡಿ ಬೆಳೆಸಿದೆ. ಇವತ್ತು ನಿಮಗೆ ಒಪ್ಪಿಸುತ್ತಿದ್ದೇನೆ.

ನಿಮ್ಮ ಪಡಸಾಲೆಯಲ್ಲಿ ನಿಮ್ಮ ತಮ್ಮನ ಪದಕದ ಫೋಟೋ ಇದೆಯಲ್ಲ, ಅದರ ಮೇಲಿನ ಗಂಧದ ಮಾಲೆಯನ್ನು ಕಳೆದ ತಿಂಗಳು ತೆಗೆಸಿದಿರಂತೆ. ಸಂಪದಾ ಮುಗ್ಧವಾಗಿ ಹೇಳಿದಳು. ಮತ್ತೆ ಹಾಕಿಸಿ. ನಿಮ್ಮ ಪಾಲಿಗೆ ಅವರು ಹೋದವರೇ. ನಿಮ್ಮ ದಿನ ಬಂದಾಗ ಯಾರೋ ಗುರುತಿಲ್ಲದ ಪುರೋಹಿತ ನಿಮ್ಮ ಗೋತ್ರ ಯಾವುದೆಂದು ಪಕ್ಕದವರನ್ನು ಕೇಳಿ, ಗಡಿಯಾರ ನೋಡುತ್ತ ಮಂತ್ರ ಹೇಳಿ ಕೊಳ್ಳಿ ಇಡಲಿ. ಪಿಂಡ ಇಟ್ಟು ಕಾಗೆ ಕರೆಯಲು ನಿಮ್ಮ ರಕ್ತದವರು ಒಬ್ಬರೂ ಇಲ್ಲದಿರಲಿ. ಬದುಕಿದ್ದವನನ್ನು ಸುಟ್ಟವರಿಗೆ ಸತ್ತ ಮೇಲೆ ಸುಡಲು ತಮ್ಮ ಸಿಗಬಾರದು. ನಾನು ದೇವರಿಗೆ ಹರಕೆ ಹೊತ್ತದ್ದು ಇದೊಂದಕ್ಕೇ.

ಇತಿ,
ನೀವು ಬೋಳಿಸಿದ, ಮತ್ತೆ ಬೆಳೆಸಿಕೊಂಡ
ಭಾಗೀರಥಿಬಾಯಿ

ತಾ.ಕ.: ನಿಮಗೆ ಸಮಾಧಾನ ಆಗಬಾರದೆಂದು ಒಂದು ನಿಜ ಹೇಳಿಬಿಡುತ್ತೇನೆ. ನಿಮ್ಮ ತಮ್ಮ ಬರುವುದಿಲ್ಲ ಎಂದರೆಂದು ಮೇಲೆ ಬರೆದದ್ದು ಸುಳ್ಳು. ನಿಮ್ಮ ಪತ್ರ ಓದಿ ಅವರು ಕೂಸಿನ ಹಾಗೆ ಅತ್ತರು. ಅಣ್ಣ ಕರದಾನ ಎಂದು ಓಣಿಯಲ್ಲೆಲ್ಲ ಹೇಳಿಕೊಂಡು ಬಂದರು. ಹಳೆಯ ಕೋಟು ಇಸ್ತ್ರಿಗೆ ಹೋಗಿ ಬಂದಿದೆ, ಪದಕಕ್ಕೆ ಪಾಲಿಶ್ ಆಗಿದೆ, ಚೀಲ ಬಾಗಿಲ ಹತ್ತಿರ ಕಟ್ಟಿಟ್ಟಿದೆ. ತುಪ್ಪ ಕುದಿಸಿ ಆರಿಸಿರ್ತಾರೋ ಹ್ಯಾಂಗೋ ಎಂದು ನನ್ನನ್ನು ನಗಿಸಲು ನೋಡುತ್ತಾರೆ. ಅವರಿಗೆ ಈ ಪತ್ರದ ಸುದ್ದಿ ಗೊತ್ತಿಲ್ಲ. ಈಗ ನೀವು ಮಾಡಬೇಕಾದದ್ದು ಇಷ್ಟು: ನಿಮ್ಮ ಬಾಯಿಯಿಂದ ನೀವೇ ಅವರಿಗೆ ಫೋನ್ ಮಾಡಿ, ಬರಬೇಡ ಎನ್ನಿ. ಕಾರಣ ನೀವೇ ಹುಡುಕಿಕೊಳ್ಳಿ, ಶಾಸ್ತ್ರದಲ್ಲಿ ಸಿಗುತ್ತದೆ. ಹಾಗೆ ಅನ್ನದಿದ್ದರೆ ಅವರ ಜೊತೆ ನಾನೂ ಬರುತ್ತೇನೆ. ಮಂಟಪದಲ್ಲಿ ಮೈಕು ಇರುತ್ತದೆಯಲ್ಲ, ಶಿದ್ಲಿಂಗಪ್ಪನ ಮಾತನ್ನು ಊರಿಗೆಲ್ಲ ಹೇಳುತ್ತೇನೆ. ಸಂಪದಾಳೂ ಕೇಳಲಿ.

ಅಣ್ಣಾ,

ಇಲ್ಲಿಂದ ಕೆಳಗಿನದು ನನ್ನ ಅಕ್ಷರ. ಭಾಗೀ ಇದನ್ನು ಅಂಚೆಗೆ ಹಾಕಲು ಪಕ್ಕದ ಮನೆಯ ಸವಿತಾಳಿಗೆ ಕೊಟ್ಟಿದ್ದಳು. ನಾನು ಹೇಗೂ ಪಿಂಚಣಿಗೆಂದು ಅಂಚೆ ಕಚೇರಿಗೆ ಹೊರಟಿದ್ದೆ, ಸವಿತಾ ದಾರಿಯಲ್ಲಿ ನನ್ನ ಕೈಗೇ ಕೊಟ್ಟಳು. ಕವರಿನ ಮೇಲೆ ನಿನ್ನ ಹೆಸರು ಕಂಡು, ನನ್ನ ಖುಷಿಯನ್ನು ಅವಳು ನಿನಗೆ ಬರೆದಿರಬೇಕೆಂದು ಒಡೆದೆ. ಕಚೇರಿಯ ಹೊರಗಿನ ಕಟ್ಟೆಯ ಮೇಲೆ ಕೂತು ಪೂರ್ತಿ ಓದಿದೆ.

ದವಾಖಾನೆಯಲ್ಲಿ ಪಕ್ಕದ ಮಂಚದಲ್ಲಿ ಒಬ್ಬ ಕನ್ನಡ ಮಾತಾಡುತ್ತಿದ್ದ. ಜ್ವರದಲ್ಲಿ ಹಾಗನಿಸಿತು ಎಂದು ಇಷ್ಟು ವರ್ಷ ತಿಳಿದಿದ್ದೆ.

ಎಲ್ಲವನ್ನೂ ಕ್ಷಮಿಸಿಬಿಡುವವನೆಂದು ಅವಳು ನನ್ನನ್ನು ತಿಳಿದಿದ್ದಾಳೆ. ನನ್ನನ್ನು ಸುಟ್ಟಿದ್ದನ್ನು ಕ್ಷಮಿಸಿದ್ದೆ. ಅದು ನನ್ನದು, ಕೊಡಲು ಬರುತ್ತಿತ್ತು. ಅವಳ ಕೂದಲು ನನ್ನದಲ್ಲ. ಅವ್ವನ ಕಣ್ಣೀರೂ ನನ್ನದಲ್ಲ.

ನೀನು ಫೋನ್ ಮಾಡಬೇಡ. ಬರಬೇಡ ಎನ್ನುವ ಶ್ರಮವೂ ನಿನಗೆ ಬೇಡ. ಇದನ್ನು ಮತ್ತೆ ಅಂಟಿಸಿ ನಾನೇ ಡಬ್ಬಿಗೆ ಹಾಕುತ್ತಿದ್ದೇನೆ. ಮನೆಗೆ ಹೋಗಿ ಚೀಲ ಬಿಚ್ಚುತ್ತೇನೆ. ಯಾಕೆಂದು ಅವಳು ಕೇಳಿದರೆ ಶಿದ್ಲಿಂಗಪ್ಪನ ಹೆಸರು ಹೇಳುತ್ತೇನೆ.

ನಾನು ಬರುವುದಿಲ್ಲ ಎಂದೆನೆಂದು ಅವಳು ಬರೆದದ್ದು ಮುಂಜಾನೆ ಸುಳ್ಳಿತ್ತು. ಈಗ ನಿಜ.

ವಿಜಯೀಂದ್ರ